ಪ್ರೌಢಶಾಲೆಯಲ್ಲಿ ಸಿನಿಮಾ ಒಂದು ಪಾಠದ ವಿಷಯವಾಗಬಹುದೇ?

ಪ್ರಶ್ನೆ: ನಾನು ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ಕನ್ನಡ ಅಧ್ಯಾಪಕಿ. ಬೆಂಗಳೂರಿನಲ್ಲಿ ಅಂತರರಾಷ್ಟ್ರೀಯ ಪಠ್ಯಕ್ರಮದ ಶಾಲೆಗೆ ಹೋಗುವ ನನ್ನ ಅಕ್ಕನ ಮಗ ಗಣಿತ, ಭೌತಶಾಸ್ತ್ರಗಳ ಜೊತೆಗೆ ಸಿನಿಮಾವನ್ನೂ ಒಂದು ವಿಷಯವಾಗಿ ಓದುತ್ತಿದ್ದಾನೆ. ಅದಕ್ಕೆ ಪರೀಕ್ಷೆಯೂ ಇದೆಯಂತೆ. ನಮ್ಮ ಒಂಬತ್ತನೆಯ ತರಗತಿಯವರಿಗೆ ವಾರಕ್ಕೊಂದು ಪಿರಿಯಡ್ ಹೀಗೆ ಕಲಿಸಲು ಸಾಧ್ಯವೇ? ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ. ಪೋಷಕರು ಮಾತ್ರ "ಸಿನಿಮಾ ನೋಡಲು ಮಕ್ಕಳನ್ನು ಶಾಲೆಗೆ ಕಳಿಸಬೇಕೇ?" ಎನ್ನುತ್ತಾರೆ. ನಮ್ಮಲ್ಲಿ ಇರುವುದು ಒಂದು ಪ್ರೊಜೆಕ್ಟರ್ ಮತ್ತು ನನ್ನ ಮೊಬೈಲು. ಏನನ್ನು ಕಲಿಸಬೇಕು, ಅಂಕ ಹೇಗೆ ಕೊಡಬೇಕು, ಬರುವ ಜೂನ್‌ನಲ್ಲಿ ಯಾವ ಚಿತ್ರದಿಂದ ಆರಂಭಿಸಬೇಕು ಎಂಬುದನ್ನು ತಿಳಿಸಬೇಕಾಗಿ ವಿನಂತಿ.

ಉತ್ತರ: ಸಾಧ್ಯವಿದೆ, ಕಲಿಸಲೇಬೇಕು ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಹಾಗೆಂದು ಪೋಷಕರ ಮಾತನ್ನು ತಳ್ಳಿಹಾಕಬೇಡಿ, ಅದರಲ್ಲಿ ನ್ಯಾಯವಿದೆ. ವಾರಕ್ಕೊಮ್ಮೆ ಕತ್ತಲೆ ಕೋಣೆಯಲ್ಲಿ ಮಕ್ಕಳನ್ನು ಕೂರಿಸಿ ಚಿತ್ರವೊಂದನ್ನು ತೋರಿಸಿ ಮನೆಗೆ ಕಳಿಸಿದರೆ ಅದು ಮನರಂಜನೆಯಾಗುತ್ತದೆಯೇ ಹೊರತು ಪಾಠವಾಗುವುದಿಲ್ಲ, ಮತ್ತು ಆ ಕೆಲಸವನ್ನು ಮನೆಯ ಟಿವಿ ಈಗಾಗಲೇ ಮಾಡುತ್ತಿದೆ. ಒಂಬತ್ತನೆಯ ತರಗತಿಗೆ ಬರುವ ಹೊತ್ತಿಗೆ ನಮ್ಮ ಮಕ್ಕಳು ಪುಸ್ತಕದಲ್ಲಿ ಓದಿದ್ದಕ್ಕಿಂತ ಹೆಚ್ಚನ್ನು ಟಿವಿ ಮತ್ತು ಮೊಬೈಲಿನ ಪರದೆಯ ಮೇಲೆ ನೋಡಿರುತ್ತಾರೆ. ಅಕ್ಷರವನ್ನು ಓದಿಸಲು ಶಾಲೆ ಹತ್ತು ವರ್ಷ ಶ್ರಮಪಡುತ್ತದೆ. ಚಿತ್ರವನ್ನು ಓದಿಸಲು ಹತ್ತು ಗಂಟೆಯನ್ನೂ ಕೊಡುವುದಿಲ್ಲ. ಪರದೆಯ ಮೇಲೆ ಕಾಣುವ ಪ್ರತಿಯೊಂದನ್ನೂ ಯಾರೋ ಒಬ್ಬರು ಹೀಗೆಯೇ ಇರಲಿ ಎಂದು ಆಯ್ದು ಇಟ್ಟಿರುತ್ತಾರೆ, ಆ ಆಯ್ಕೆಯೇ ನಮ್ಮ ಮನಸ್ಸನ್ನು ಒಂದು ಕಡೆಗೆ ತಿರುಗಿಸುತ್ತದೆ ಎಂಬುದನ್ನು ಮಗು ತನ್ನ ಕಣ್ಣಿನಿಂದಲೇ ಕಂಡುಕೊಳ್ಳುವಂತೆ ಮಾಡುವುದು ಈ ವಿಷಯದ ಇಡೀ ಉದ್ದೇಶ. ಸುದ್ದಿಯ ತುಣುಕು, ಜಾಹೀರಾತು, ಚುನಾವಣೆಯ ಹೊತ್ತಿನಲ್ಲಿ ಹರಿದಾಡುವ ವಿಡಿಯೋ, ಇವೆಲ್ಲವೂ ಇದೇ ವ್ಯಾಕರಣದಿಂದ ಕಟ್ಟಿದವೆಂಬುದನ್ನು ಪೋಷಕರ ಸಭೆಯಲ್ಲಿ ಹೇಳಿ ನೋಡಿ, ಅವರಿಗೆ ಅರ್ಥವಾಗುತ್ತದೆ.

ಬೇರೆಡೆ ಇದು ಹೇಗೆ ನಡೆಯುತ್ತಿದೆ ಎಂಬುದನ್ನು ಮೊದಲು ಹೇಳುತ್ತೇನೆ, ಏಕೆಂದರೆ ಅಲ್ಲಿನ ಪರೀಕ್ಷೆಯ ಸ್ವರೂಪದಿಂದ ನಾವು ಕಲಿಯಬಹುದಾದದ್ದಿದೆ. ನಿಮ್ಮ ಅಕ್ಕನ ಮಗ ಓದುತ್ತಿರುವುದು ಬಹುಶಃ ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲಾರಿಯೆಟ್) ಡಿಪ್ಲೊಮಾ ಪಠ್ಯಕ್ರಮವಿರಬೇಕು. ಅಲ್ಲಿ ಸಿನಿಮಾ ಕಲಾ ವಿಭಾಗದ ಒಂದು ವಿಷಯ. 2019ರಿಂದ ಪರೀಕ್ಷೆಗೆ ಬಂದ ಅದರ ಪಠ್ಯಕ್ರಮದಲ್ಲಿ ವಿದ್ಯಾರ್ಥಿಯು ಒಂದು ಚಿತ್ರದಿಂದ ಐದು ನಿಮಿಷ ಮೀರದ ತುಣುಕನ್ನು ಆಯ್ದುಕೊಂಡು ಅದರ ಮೇಲೆ 1,750 ಪದಗಳೊಳಗೆ ವಿಶ್ಲೇಷಣೆ ಬರೆಯಬೇಕು. ಐದು ನಿಮಿಷದ ಚಿತ್ರಕ್ಕೆ ಸಾವಿರದ ಏಳುನೂರ ಐವತ್ತು ಪದ ಎಂಬ ಈ ಪ್ರಮಾಣವನ್ನು ದಯವಿಟ್ಟು ಗಮನಿಸಿ. ಇಂಗ್ಲೆಂಡಿನ ಹದಿನಾರು ವರ್ಷದ ಮಕ್ಕಳು ಬರೆಯುವ ಜಿಸಿಎಸ್‌ಇ ಹಂತದಲ್ಲಿ ಎಡುಕಾಸ್ ಮಂಡಳಿಯ ಸಿನಿಮಾ ಅಧ್ಯಯನಕ್ಕೆ ಶೇ. 70ರಷ್ಟು ಅಂಕ ಲಿಖಿತ ಪರೀಕ್ಷೆಗೆ, ಶೇ. 30ರಷ್ಟು ಸ್ವಂತ ರಚನೆಗೆ. ಆ ರಚನೆಯೂ ಚಿತ್ರೀಕರಿಸಿದ ತುಣುಕೇ ಆಗಬೇಕೆಂದಿಲ್ಲ, ಚಿತ್ರಕಥೆಯ ಒಂದು ಭಾಗವನ್ನು ಬರೆದು ಕೊಟ್ಟರೂ ಆಗುತ್ತದೆ. ಫ್ರಾನ್ಸ್ ಇನ್ನೂ ಒಂದು ಹೆಜ್ಜೆ ಮುಂದಿದೆ: 1989ರಿಂದ ಮಾಧ್ಯಮಿಕ ಶಾಲೆಯ ಮಕ್ಕಳನ್ನು, 1994ರಿಂದ ಪ್ರಾಥಮಿಕ ಶಾಲೆಯ ಮಕ್ಕಳನ್ನು ಅಧ್ಯಾಪಕರೇ ಚಿತ್ರಮಂದಿರಕ್ಕೆ ಕರೆದೊಯ್ದು, ಮರಳಿ ಬಂದು ತರಗತಿಯಲ್ಲಿ ಪಾಠ ಮಾಡುವ ಯೋಜನೆಗಳು ಅಲ್ಲಿ ನಡೆಯುತ್ತಿವೆ. ಈ ಎಲ್ಲ ಕಡೆಯೂ ಬರವಣಿಗೆಗೆ, ಚರ್ಚೆಗೆ ಇರುವ ಸ್ಥಾನ ಕ್ಯಾಮೆರಾ ಹಿಡಿಯುವುದಕ್ಕಿಂತ ಕಡಿಮೆಯದಲ್ಲ. ಕನ್ನಡ ಅಧ್ಯಾಪಕಿಯಾದ ನೀವು ಈ ಪಾಠಕ್ಕೆ ಅಪರಿಚಿತರಲ್ಲ ಎಂದು ನಾನು ಹೇಳುವುದು ಈ ಕಾರಣಕ್ಕೆ.

ಕರ್ನಾಟಕದ ಎಸ್ಸೆಸ್ಸೆಲ್ಸಿಯಲ್ಲಿ ಸಿನಿಮಾ ಸ್ವತಂತ್ರ ವಿಷಯವಾಗಿಲ್ಲ. ಆದ್ದರಿಂದ ನೀವು ಮಾಡುವುದು ಸದ್ಯಕ್ಕೆ ಭಾಷಾ ಪಾಠದ, ಇಲ್ಲವೇ ಸಹಪಠ್ಯ ಚಟುವಟಿಕೆಯ ಚೌಕಟ್ಟಿನೊಳಗೆ ನಡೆಯಬೇಕಾಗುತ್ತದೆ. ಆದರೆ ನೀವು ಇರುವುದು ಶಿವಮೊಗ್ಗ ಜಿಲ್ಲೆಯಲ್ಲಿ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನಾಟಕ ಸಂಸ್ಥೆ ನೀನಾಸಂ 1973ರಲ್ಲಿ ತನ್ನ ಚಿತ್ರ ಸಮಾಜವನ್ನು ಆರಂಭಿಸಿತು. ಅಡಿಕೆ ಕೃಷಿಕರೂ ಸಾಹಿತಿಯೂ ಆಗಿದ್ದ ಕೆ.ವಿ. ಸುಬ್ಬಣ್ಣನವರು ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಹಳ್ಳಿಯ ಜನರ ಮುಂದಿಟ್ಟರು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಸಿನಿಮಾ ರಸಗ್ರಹಣವನ್ನು ಕಲಿಸುತ್ತಿದ್ದ ಸತೀಶ್ ಬಹಾದ್ದೂರ್ ಅವರು ಹೆಗ್ಗೋಡಿಗೂ ಬಂದು ಶಿಬಿರಗಳಲ್ಲಿ ಪಾಠ ಮಾಡಿದರು. ನಗರದಲ್ಲಿ ಮಾತ್ರ ಸಾಧ್ಯ ಎಂದು ಎಲ್ಲರೂ ಭಾವಿಸಿದ್ದ ಒಂದು ಶಿಕ್ಷಣ ತೋಟದ ಕೆಲಸ ಮುಗಿಸಿ ಬಂದವರಿಗೂ ದಕ್ಕಿದ್ದು ನಿಮ್ಮಿಂದ ಒಂದೆರಡು ಗಂಟೆಯ ಬಸ್ ಪ್ರಯಾಣದಷ್ಟು ದೂರದಲ್ಲಿ. 'ನಮ್ಮ ಹಳ್ಳಿ ಮಕ್ಕಳಿಗೆ ಇದೆಲ್ಲ ಅರ್ಥವಾದೀತೇ' ಎಂಬ ಸಂಕೋಚವನ್ನು ಈ ಒಂದು ಕಾರಣಕ್ಕಾದರೂ ಬಿಟ್ಟುಬಿಡಿ.

ಈಗ ಪಾಠದ ವಿಚಾರ. ನಾನು ಮೊದಲ ಸಲ ಪ್ರೌಢಶಾಲೆಯ ಮಕ್ಕಳಿಗೆ ಸಿನಿಮಾ ಪಾಠ ಮಾಡಿದಾಗ ಮೂರು ದಿನಗಳಲ್ಲಿ ಆರು ಚಿತ್ರಗಳನ್ನು ತೋರಿಸಿದ್ದೆ. ಕೊನೆಯ ದಿನ ಮಾತನಾಡಿಸಿದಾಗ ಅವರಿಗೆ ಆರು ಕಥೆಗಳು ನೆನಪಿದ್ದವು, ಒಂದೇ ಒಂದು ಚಿತ್ರಿಕೆ, ಅಂದರೆ ಕ್ಯಾಮೆರಾ ನಿಲ್ಲಿಸದೆ ಒಂದೇ ಸಲಕ್ಕೆ ಹಿಡಿದ ತುಣುಕು, ನೆನಪಿರಲಿಲ್ಲ. ತಪ್ಪು ನನ್ನದು, ನೋಡಲು ನಾನು ಅವರಿಗೆ ಸಮಯವನ್ನೇ ಕೊಟ್ಟಿರಲಿಲ್ಲ. ಅಂದಿನಿಂದ ನಾನು ಹಿಡಿದಿರುವ ಕ್ರಮ ಬೇರೆ. ಮೂರು ನಿಮಿಷದ ಒಂದು ದೃಶ್ಯವನ್ನು ಆರಿಸಿಕೊಂಡು, ಅದನ್ನೇ ಒಂದು ಪಿರಿಯಡ್‌ನಲ್ಲಿ ಐದು ಸಲ ತೋರಿಸುತ್ತೇನೆ. ಮೊದಲ ಸಲ ಸುಮ್ಮನೆ ನೋಡುವುದು. ಎರಡನೆಯ ಸಲ ಧ್ವನಿಯನ್ನು ಪೂರ್ತಿ ಅಡಗಿಸಿ ನೋಡುವುದು. ಮೂರನೆಯ ಸಲ ಪ್ರೊಜೆಕ್ಟರಿನ ಮುಂದೆ ರಟ್ಟು ಹಿಡಿದು, ಚಿತ್ರ ಕಾಣದಂತೆ ಮಾಡಿ, ಕೇಳುವುದು ಮಾತ್ರ. ನಾಲ್ಕನೆಯ ಸಲ ಶಾಟ್ ಬದಲಾದಾಗಲೆಲ್ಲ, ಅಂದರೆ ಒಂದು ಚಿತ್ರಿಕೆ ಮುಗಿದು ಇನ್ನೊಂದು ಆರಂಭವಾದಾಗಲೆಲ್ಲ, ಮಕ್ಕಳು ಒಂದು ಚಪ್ಪಾಳೆ ತಟ್ಟಬೇಕು. ಸಿನಿಮಾ ತುಂಡುತುಂಡಾಗಿ ಕತ್ತರಿಸಿ ಜೋಡಿಸಿದ ವಸ್ತು ಎಂಬುದು ಆ ಚಪ್ಪಾಳೆಯ ಸದ್ದಿನಲ್ಲಿ ಅವರಿಗೆ ಮೊದಲ ಬಾರಿಗೆ ಗೊತ್ತಾಗುತ್ತದೆ. ಅಷ್ಟು ದಿನ ಅದು ಹೊಳೆಯ ನೀರಿನ ಹಾಗೆ ತಾನಾಗಿ ಹರಿಯುತ್ತದೆಂದು ಅವರು ತಿಳಿದಿರುತ್ತಾರೆ. ಐದನೆಯ ಸಲ ನೋಡಿದ ಮೇಲೆ ಪ್ರತಿಯೊಬ್ಬರೂ ಒಂದೇ ಒಂದು ಪ್ರಶ್ನೆಗೆ ಉತ್ತರ ಬರೆಯುತ್ತಾರೆ: ಈ ದೃಶ್ಯದಲ್ಲಿ ಯಾವ ಒಂದು ಚಿತ್ರಿಕೆಯನ್ನು ತೆಗೆದುಹಾಕಿದರೆ ದೃಶ್ಯ ಕೆಡುತ್ತದೆ, ಏಕೆ?

ಸಂಕಲನದ, ಅಂದರೆ ಚಿತ್ರಿಕೆಗಳನ್ನು ಕತ್ತರಿಸಿ ಜೋಡಿಸುವ ಕೆಲಸದ, ಶಕ್ತಿಯನ್ನು ತೋರಿಸಲು ನೂರು ವರ್ಷಗಳಷ್ಟು ಹಳೆಯ ಒಂದು ಪ್ರಯೋಗವಿದೆ. ರಷ್ಯಾದ ಚಿತ್ರ ನಿರ್ದೇಶಕ ಲೆವ್ ಕುಲೆಶೋವ್ ನಟನೊಬ್ಬನ ನಿರ್ಭಾವುಕ ಮುಖದ ಒಂದೇ ಚಿತ್ರಿಕೆಯನ್ನು ಒಮ್ಮೆ ಸೂಪಿನ ಬಟ್ಟಲಿನೊಂದಿಗೆ, ಇನ್ನೊಮ್ಮೆ ಶವಪೆಟ್ಟಿಗೆಯೊಂದಿಗೆ ಜೋಡಿಸಿದಾಗ, ನೋಡಿದವರು ಅದೇ ಮುಖದಲ್ಲಿ ಒಮ್ಮೆ ಹಸಿವನ್ನೂ ಇನ್ನೊಮ್ಮೆ ದುಃಖವನ್ನೂ ಕಂಡರು. ಇದನ್ನು ನೀವು ನಿಮ್ಮ ಮೊಬೈಲಿನಲ್ಲೇ ಮಾಡಬಹುದು. ವಿದ್ಯಾರ್ಥಿಯೊಬ್ಬನ ಭಾವವಿಲ್ಲದ ಮುಖದ ಒಂದು ಫೋಟೋ ತೆಗೆಯಿರಿ; ಬಿಸಿಯೂಟದ ತಟ್ಟೆ, ದನವಿಲ್ಲದ ಖಾಲಿ ಕೊಟ್ಟಿಗೆ, ಫಲಿತಾಂಶ ಅಂಟಿಸಿದ ನೋಟಿಸ್ ಬೋರ್ಡು, ಇವುಗಳ ಒಂದೊಂದು ಫೋಟೋ ತೆಗೆಯಿರಿ. ಮುಖ, ತಟ್ಟೆ, ಮತ್ತೆ ಮುಖ. ಮುಖ, ಕೊಟ್ಟಿಗೆ, ಮತ್ತೆ ಮುಖ, ಹೀಗೆ ಒಂದಾದ ಮೇಲೊಂದು ತೋರಿಸಿ, ಆ ಹುಡುಗ ಏನು ಯೋಚಿಸುತ್ತಿದ್ದಾನೆ ಎಂದು ಪಕ್ಕದ ತರಗತಿಯ ಮಕ್ಕಳನ್ನು ಕೇಳಿ. ಅವರ ಉತ್ತರಗಳನ್ನು ಕಪ್ಪುಹಲಗೆಯ ಮೇಲೆ ಬರೆದ ನಂತರ ಮೂರೂ ಕಡೆ ಇರುವುದು ಒಂದೇ ಫೋಟೋ ಎಂದು ತಿಳಿಸಿ. ಆಮೇಲೆ ಅದೇ ವಾರ ಅವರು ನೋಡಿದ ಯಾವುದಾದರೂ ಸುದ್ದಿ ತುಣುಕನ್ನು ಕುರಿತು ಮಾತನಾಡಿ. ಪಾಠ ತಾನಾಗಿ ಮುಂದುವರಿಯುತ್ತದೆ.

ಚಿತ್ರೀಕರಣಕ್ಕೆ ನಾನು ಬಳಸುವ ಅಭ್ಯಾಸ ಇನ್ನೂ ಸರಳ. 1895ರ ಡಿಸೆಂಬರ್ 28ರಂದು ಸಿನಿಮಾದ ಮೊದಲಿಗರಲ್ಲಿ ಸೇರಿದ ಲೂಮಿಯೇರ್ ಸಹೋದರರು ಪ್ಯಾರಿಸ್‌ನಲ್ಲಿ ತೋರಿಸಿದ ಚಿತ್ರಗಳು ತಲಾ ಸುಮಾರು 50 ಸೆಕೆಂಡಿನವು. ಕ್ಯಾಮೆರಾ ಕದಲುತ್ತಿರಲಿಲ್ಲ, ಕತ್ತರಿಯ ಕೆಲಸವಿರಲಿಲ್ಲ. ಫ್ರಾನ್ಸಿನ ಚಿತ್ರ ಸಂಗ್ರಹಾಲಯವಾದ ಸಿನಿಮಾತೆಕ್ 1995ರಿಂದ ಶಾಲಾ ಮಕ್ಕಳೊಂದಿಗೆ ನಡೆಸುತ್ತಿರುವ ಕಾರ್ಯಕ್ರಮದಲ್ಲಿ ಇದೇ ನಿಯಮವನ್ನು ಅಭ್ಯಾಸವಾಗಿ ಕೊಡುತ್ತಾರೆ. ಮೊಬೈಲನ್ನು ಒಂದು ಕಡೆ ಅಲುಗಾಡದಂತೆ ಇಡಬೇಕು, ಸುಮಾರು 50 ಸೆಕೆಂಡು ಮಾತ್ರ ಹಿಡಿಯಬೇಕು, ಒಬ್ಬರಿಗೆ ಒಂದೇ ಅವಕಾಶ. ಐದು ಮಕ್ಕಳಿಗೆ ಒಂದು ಮೊಬೈಲು ಸಾಕು. ಅದಕ್ಕೂ ಮೊದಲು ಎರಡು ವಾರ ಮೊಬೈಲೇ ಬೇಡ. ಹದಿನಾರು ಸೆಂಟಿಮೀಟರ್ ಅಗಲ, ಒಂಬತ್ತು ಸೆಂಟಿಮೀಟರ್ ಎತ್ತರದ ಕಿಂಡಿಯನ್ನು ರಟ್ಟಿನಲ್ಲಿ ಕತ್ತರಿಸಿ ಕೊಟ್ಟು, ಅದರ ಮೂಲಕ ಶಾಲೆಯ ಅಂಗಳವನ್ನು ನೋಡಿ, ಚೌಕಟ್ಟಿನೊಳಗೆ ಏನಿತ್ತು, ಏನನ್ನು ಬೇಕೆಂದೇ ಹೊರಗೆ ಬಿಟ್ಟೆವು ಎಂದು ಬರೆಯಲು ಹೇಳಿ.

ಅಡಿಕೆ ಸುಲಿತದ ದಿನಗಳಲ್ಲಿ ಈ ಅಭ್ಯಾಸ ಮಾಡಿಸಿದಾಗ ಹುಡುಗಿಯೊಬ್ಬಳು ಅಜ್ಜಿ ಮೆಟ್ಟುಗತ್ತಿಯ ಮೇಲೆ ಕುಳಿತು ಅಡಿಕೆ ಸುಲಿಯುವುದನ್ನು ಹಿಡಿದು ತಂದಿದ್ದಳು. ಚೌಕಟ್ಟಿನಲ್ಲಿ ಕಂಡದ್ದು ಕತ್ತಿ, ಎರಡು ಕೈ ಮತ್ತು ಬುಟ್ಟಿಗೆ ಬೀಳುವ ಅಡಿಕೆ ಮಾತ್ರ. ಅಜ್ಜಿಯ ಮುಖ ಏಕಿಲ್ಲ ಎಂದು ಗೆಳತಿಯರು ಕೇಳಿದಾಗ ಅವಳು, "ಮುಖ ತೋರಿಸಿದರೆ ಎಲ್ಲರೂ ಅಜ್ಜಿಯನ್ನೇ ನೋಡ್ತಾರೆ. ಅವಳ ಬೆರಳು ಕತ್ತಿಗೆ ಎಷ್ಟು ಹತ್ತಿರ ಹೋಗ್ತದೆ ಅಂತ ಯಾರೂ ನೋಡೋದಿಲ್ಲ" ಎಂದಳು. ಕ್ಲೋಸ್‌ಅಪ್ ಎಂದರೇನು, ಅದು ಏಕೆ ಬೇಕು ಎಂಬುದನ್ನು ಇದಕ್ಕಿಂತ ಚೆನ್ನಾಗಿ ನಾನು ಎಲ್ಲಿಯೂ ಓದಿಲ್ಲ.

ಮಳೆಯ ವಿಷಯವನ್ನೂ ಇಲ್ಲಿ ಹೇಳಬೇಕು, ಏಕೆಂದರೆ ನಮ್ಮ ಕಡೆಯ ಮಕ್ಕಳು ಕ್ಯಾಮೆರಾ ಕೈಗೆ ಬಂದ ಕೂಡಲೇ ಹಿಡಿಯಲು ಹೊರಡುವುದು ಮಳೆಯನ್ನೇ. ಮೈದಾನದ ಕಡೆಗೆ ಮೊಬೈಲು ಹಿಡಿದು ಧೋ ಎಂದು ಸುರಿಯುವ ಆಷಾಢದ ಮಳೆಯನ್ನು ಚಿತ್ರಿಸಿ ತಂದರೆ ಪರದೆಯ ಮೇಲೆ ಬರೀ ಮಬ್ಬು ಕಾಣುತ್ತದೆ, ಹನಿಗಳು ಕಾಣುವುದಿಲ್ಲ. ಮಕ್ಕಳು ಬೇಸರಪಡುತ್ತಾರೆ, ಪಾಠಕ್ಕೆ ಅದೇ ತಕ್ಕ ಗಳಿಗೆ. ಪಾರದರ್ಶಕವಾದ ಹನಿ ಬೆಳ್ಳಗಿನ ಆಕಾಶದ ಮುಂದೆ ಕರಗಿಹೋಗುತ್ತದೆ; ಅದು ಕಾಣಬೇಕಾದರೆ ಹಿಂದೆ ಕಪ್ಪಾದ ಹಿನ್ನೆಲೆ ಇರಬೇಕು, ಬೆಳಕು ಹನಿಯ ಹಿಂಬದಿಯಿಂದ ಅಥವಾ ಪಕ್ಕದಿಂದ ಬರಬೇಕು. ಸಿನಿಮಾದವರು ಕೃತಕ ಮಳೆ ಸುರಿಸುವಾಗ ಅದರ ಹಿಂದೆ ದೀಪ ಇಡುವುದು ಇದಕ್ಕಾಗಿ. ಅಡಿಕೆ ತೋಟದ ದಟ್ಟ ನೆರಳನ್ನು ಹಿನ್ನೆಲೆ ಮಾಡಿಕೊಂಡು, ಹಂಚಿನ ಮಾಡಿನಿಂದ ಇಳಿಯುವ ನೀರಿನ ಎಳೆಗಳನ್ನು ಮತ್ತೊಮ್ಮೆ ಹಿಡಿಯಲು ಹೇಳಿ. ಬೆಳಕಿನ ವಕ್ರೀಭವನವನ್ನು ವಿವರಿಸಲು ಆ ದಿನ ವಿಜ್ಞಾನದ ಅಧ್ಯಾಪಕರನ್ನೂ ತರಗತಿಗೆ ಕರೆಯಬಹುದು. ಛಾಯಾಗ್ರಹಣದ ಬಗ್ಗೆ ಈ ವಯಸ್ಸಿಗೆ ತಿಳಿಯಬೇಕಾದ ಬಹುಪಾಲು ಈ ಎರಡು ಪ್ರಯತ್ನಗಳ ನಡುವೆ ಸಿಕ್ಕಿಬಿಡುತ್ತದೆ.

ಪೂರ್ಣ ಚಿತ್ರಗಳನ್ನು ವರ್ಷಕ್ಕೆ ಎರಡು, ಹೆಚ್ಚೆಂದರೆ ಮೂರು ತೋರಿಸಿ. ನಲವತ್ತು ನಿಮಿಷದ ಪಿರಿಯಡ್‌ನಲ್ಲಿ ತುಂಡು ಮಾಡಿ ತೋರಿಸುವ ಬದಲು ಶನಿವಾರ ಬೆಳಗಿನ ತರಗತಿಯ ನಂತರ ಒಂದೇ ಬೈಠಕ್ಕಿನಲ್ಲಿ ತೋರಿಸುವುದು ಒಳ್ಳೆಯದು. ಆಯ್ಕೆಯ ಬಗ್ಗೆ ನನ್ನ ಒಲವು, ಓದಲು ಕಥೆಯೂ ಸಿಗುವ ಚಿತ್ರಗಳ ಕಡೆಗೆ. ಪೂರ್ಣಚಂದ್ರ ತೇಜಸ್ವಿಯವರ 'ಅಬಚೂರಿನ ಪೋಸ್ಟಾಫೀಸು' ಕಥಾಸಂಕಲನವೊಂದರಿಂದಲೇ ಹಲವು ಚಿತ್ರಗಳು ಬಂದಿವೆ. ನಿಮ್ಮದೇ ತಾಲ್ಲೂಕಿನ ಕೆಸಲೂರಿನಲ್ಲಿ ಹುಟ್ಟಿದ ಗಿರೀಶ ಕಾಸರವಳ್ಳಿಯವರ 'ತಬರನ ಕಥೆ' ಅವುಗಳಲ್ಲಿ ಒಂದು, 2023ರಲ್ಲಿ ತೆರೆಕಂಡ 'ಡೇರ್ ಡೆವಿಲ್ ಮುಸ್ತಾಫಾ' ಇನ್ನೊಂದು. ಒಂದೇ ಪುಸ್ತಕದ ಎರಡು ಕಥೆಗಳನ್ನು ಎರಡು ಕಾಲದ ನಿರ್ದೇಶಕರು ಎಷ್ಟು ಬೇರೆಬೇರೆಯಾಗಿ ಪರದೆಗೆ ತಂದಿದ್ದಾರೆ ಎಂಬ ಹೋಲಿಕೆ ಮಕ್ಕಳಿಗೆ ಬಹಳ ಇಷ್ಟವಾಗುತ್ತದೆ. ಎರಡನೆಯ ವರ್ಷಕ್ಕೆ 'ದ್ವೀಪ' ಇರಲಿ. ಸಾಗರದಲ್ಲಿ ನೆಲೆಸಿದ್ದ ನಾ. ಡಿಸೋಜ ಅವರ ಕಾದಂಬರಿಯನ್ನು ಆಧರಿಸಿ ಕಾಸರವಳ್ಳಿಯವರೇ ಮಾಡಿದ ಈ ಚಿತ್ರಕ್ಕೆ 2002ರ ಸಾಲಿನ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಬಂದಿದೆ. ಶರಾವತಿಗೆ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಎದ್ದಾಗ ಮನೆ, ಗದ್ದೆ ಕಳೆದುಕೊಂಡ ಮುಳುಗಡೆಯ ಕುಟುಂಬಗಳವರು ನಿಮ್ಮ ತರಗತಿಯಲ್ಲೂ ಇರಬಹುದು. ಚಿತ್ರ ನೋಡಿದ ಮೇಲೆ ಮನೆಯ ಹಿರಿಯರನ್ನು ಕೇಳಿ ಬನ್ನಿ ಎಂದು ಕಳಿಸಿದರೆ, ಏರುವ ನೀರನ್ನು ಪರದೆಯ ಮೇಲೆ ಕಂಡದ್ದಕ್ಕೂ ಅಜ್ಜ ಹೇಳಿದ್ದಕ್ಕೂ ಇರುವ ಅಂತರವನ್ನು ಅವರು ತಾವಾಗಿ ಗುರುತಿಸುತ್ತಾರೆ. ಕಾಸರವಳ್ಳಿಯವರ ಮೊದಲ ಚಿತ್ರ 'ಘಟಶ್ರಾದ್ಧ'ವನ್ನು ಮಾತ್ರ ಕಾಲೇಜಿನ ದಿನಗಳಿಗೆ ಉಳಿಸಿ. ಅದರ ವಸ್ತುವನ್ನು ಹೊರಲು ಹದಿನಾಲ್ಕರ ವಯಸ್ಸು ಸಣ್ಣದು.

ನಿಮ್ಮಂಥ ಭಾಷಾ ಅಧ್ಯಾಪಕರಿಗೆ ಒಂದು ಎಚ್ಚರಿಕೆ. "ಈ ಚಿತ್ರದಿಂದ ನಾವು ಕಲಿಯಬೇಕಾದ ನೀತಿ ಏನು?" ಎಂದು ಮಾತ್ರ ಕೇಳಬೇಡಿ. ಆ ಪ್ರಶ್ನೆ ಬಂದ ಕ್ಷಣವೇ ಮಕ್ಕಳು ನೋಡುವುದನ್ನು ನಿಲ್ಲಿಸಿ, ಅಧ್ಯಾಪಕರಿಗೆ ಏನು ಬೇಕೋ ಅದನ್ನು ಹೇಳಲು ಆರಂಭಿಸುತ್ತಾರೆ. ನಿರ್ದೇಶಕರ ಹುಟ್ಟೂರು, ಪ್ರಶಸ್ತಿಗಳ ಸಂಖ್ಯೆ, ಬಿಡುಗಡೆಯ ವರ್ಷ, ಇವನ್ನು ಬಾಯಿಪಾಠ ಮಾಡಿಸುವುದೂ ಅಷ್ಟೇ ವ್ಯರ್ಥ. ಶಾಲೆಗಳ ಕಿರುಚಿತ್ರ ಸ್ಪರ್ಧೆಗಳಿಗೆ ಮೊದಲ ವರ್ಷವೇ ಹೋಗುವುದೂ ನನಗೆ ಸರಿಕಾಣುವುದಿಲ್ಲ. ಪ್ಲಾಸ್ಟಿಕ್ ನಿಷೇಧವೋ ಕುಡಿತದ ಕೆಡುಕೋ ವಿಷಯವಾಗಿ, ಧಾರಾವಾಹಿಯ ಹಿನ್ನೆಲೆ ಸಂಗೀತವನ್ನು ಹಚ್ಚಿ, ಕೊನೆಗೆ ಪರದೆಯ ಮೇಲೆ ಘೋಷವಾಕ್ಯ ಬರೆದ ಎಷ್ಟೋ ಚಿತ್ರಗಳನ್ನು ನಾನು ತೀರ್ಪುಗಾರನಾಗಿ ನೋಡಿದ್ದೇನೆ; ಅವುಗಳಲ್ಲಿ ಮಕ್ಕಳು ಸ್ವತಃ ಕಂಡದ್ದು ಏನೂ ಇರುತ್ತಿರಲಿಲ್ಲ ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ.

ಅಂಕಗಳ ವಿಚಾರದಲ್ಲಿ, ನೂರು ಅಂಕಗಳೆಂದು ಇಟ್ಟುಕೊಂಡರೆ ಐವತ್ತನ್ನು ದೃಶ್ಯ ವಿಶ್ಲೇಷಣೆಯ ಬರವಣಿಗೆಗೂ ಮೂವತ್ತನ್ನು ವರ್ಷವಿಡೀ ಇಟ್ಟ ಟಿಪ್ಪಣಿ ಪುಸ್ತಕಕ್ಕೂ ಇಪ್ಪತ್ತನ್ನು ಮಾತ್ರ ಚಿತ್ರೀಕರಣಕ್ಕೂ ಕೊಡುವುದು ನನ್ನ ರೂಢಿ. ಆ ಇಪ್ಪತ್ತೂ ಚಿತ್ರದ ಅಂದಕ್ಕಲ್ಲ, ಕ್ಯಾಮೆರಾವನ್ನು ಅಲ್ಲಿಯೇ ಏಕೆ ಇಟ್ಟೆ ಎಂಬುದಕ್ಕೆ ಮಗು ಕೊಡುವ ಕಾರಣಕ್ಕೆ ಸಲ್ಲುತ್ತದೆ. ಇಲ್ಲವಾದರೆ ಮನೆಯಲ್ಲಿ ದುಬಾರಿ ಮೊಬೈಲು ಇರುವ ಮಗುವಿಗೆ ಹೆಚ್ಚು ಅಂಕ ಹೋಗುತ್ತದೆ. ಬರವಣಿಗೆಯನ್ನು ಅಳೆಯುವುದು ಹೇಗೆಂದು ಒಂದು ಉದಾಹರಣೆ ಕೊಡುತ್ತೇನೆ. ಮುದುಕನೊಬ್ಬ ಸರ್ಕಾರಿ ಕಚೇರಿಯಲ್ಲಿ ಕಾಯುವ ದೃಶ್ಯವೆಂದುಕೊಳ್ಳಿ. "ಮುದುಕನ ಕಷ್ಟವನ್ನು ಮನಮುಟ್ಟುವಂತೆ ತೋರಿಸಿದ್ದಾರೆ" ಎಂಬ ಉತ್ತರಕ್ಕೆ ಹತ್ತಕ್ಕೆ ಎರಡು. "ಗುಮಾಸ್ತನ ಮುಖ ನಮಗೆ ಕಾಣುವುದೇ ಇಲ್ಲ, ಧ್ವನಿ ಮಾತ್ರ ಕೇಳುತ್ತದೆ, ಮುದುಕ ಮಾತನಾಡುತ್ತಿರುವುದು ಒಬ್ಬ ಮನುಷ್ಯನ ಜೊತೆ ಅಲ್ಲ, ಕಚೇರಿಯ ಗೋಡೆಯ ಜೊತೆ ಎಂದು ನನಗೆ ಅನ್ನಿಸಿತು" ಎಂಬ ಉತ್ತರಕ್ಕೆ ಎಂಟೋ ಒಂಬತ್ತೋ ಕೊಡಿ, ವಾಕ್ಯದಲ್ಲಿ ಕಾಗುಣಿತದ ತಪ್ಪಿದ್ದರೂ ಕೊಡಿ. ಮೊದಲನೆಯದನ್ನು ಚಿತ್ರ ನೋಡದೆಯೂ ಬರೆಯಬಹುದು; ಎರಡನೆಯದನ್ನು ನೋಡಿ, ಕೇಳಿ, ಯೋಚಿಸಿದವರು ಮಾತ್ರ ಬರೆಯಬಲ್ಲರು.

ಕಾನೂನಿನ ಬಗ್ಗೆ ಸಂಕ್ಷಿಪ್ತವಾಗಿ ಹೇಳುವುದಾದರೆ, 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೆಯ ಸೆಕ್ಷನ್ ಶಿಕ್ಷಣ ಸಂಸ್ಥೆಯೊಂದು ತನ್ನ ಚಟುವಟಿಕೆಯ ಭಾಗವಾಗಿ ವಿದ್ಯಾರ್ಥಿಗಳು, ಸಿಬ್ಬಂದಿ, ಪೋಷಕರು ಮತ್ತು ಸಂಸ್ಥೆಯ ಚಟುವಟಿಕೆಗೆ ಸಂಬಂಧಪಟ್ಟವರಿಗಷ್ಟೇ ಸೀಮಿತವಾಗಿ ಚಲನಚಿತ್ರ ತೋರಿಸಲು ಅವಕಾಶ ಕೊಟ್ಟಿದೆ. ಊರಿನವರೆಲ್ಲರನ್ನೂ ಕರೆದರೆ ಆ ರಿಯಾಯಿತಿ ಅನ್ವಯಿಸುವುದಿಲ್ಲ. ಕದ್ದು ಇಳಿಸಿದ ಪ್ರತಿಯನ್ನು ಶಾಲೆಯಲ್ಲಿ ಬಳಸಬೇಡಿ. ಚಿತ್ರದ ಪ್ರಮಾಣಪತ್ರವನ್ನೂ ನೋಡಿಕೊಳ್ಳಿ. 2023ರ ತಿದ್ದುಪಡಿಯ ನಂತರ ಪೋಷಕರ ಮಾರ್ಗದರ್ಶನದಲ್ಲಿ ಮಕ್ಕಳು ನೋಡಬಹುದಾದ ಯು/ಎ ವರ್ಗವನ್ನು 7, 13 ಮತ್ತು 16 ವರ್ಷಗಳ ಮೂರು ಹಂತಗಳಾಗಿ ವಿಂಗಡಿಸಲಾಗಿದೆ. ಪ್ರಮಾಣಪತ್ರ ಏನೇ ಇರಲಿ, ನೀವು ಮೊದಲು ಪೂರ್ತಿ ನೋಡದ ಚಿತ್ರವನ್ನು ಮಕ್ಕಳಿಗೆ ತೋರಿಸಬಾರದು. ಮಕ್ಕಳು ಹಿಡಿದ ತುಣುಕುಗಳಲ್ಲಿ ಮನೆಯವರು, ನೆರೆಯವರು ಇರುತ್ತಾರೆ. ಅವರನ್ನು ಕೇಳಿಯೇ ಹಿಡಿಯಬೇಕು, ಹಿಡಿದದ್ದು ತರಗತಿಯ ಆಚೆ, ವಾಟ್ಸ್ಆ್ಯಪ್‌ಗಾಗಲಿ ಯೂಟ್ಯೂಬ್‌ಗಾಗಲಿ ಹೋಗಬಾರದು ಎಂಬುದನ್ನು ಮೊದಲ ದಿನವೇ ನಿಯಮ ಮಾಡಿ. ಈ ವಿಷಯದಲ್ಲಿ ಸಡಿಲ ಬಿಡಬೇಡಿ.

ಮುಂದೆ ಇದನ್ನೇ ವೃತ್ತಿಯಾಗಿಸಿಕೊಳ್ಳಲು ಬಯಸುವ ಒಬ್ಬಿಬ್ಬರು ಸಿಗಬಹುದು. ಅಂಥವರಿಗೆ ಬೆಂಗಳೂರಿನ ಬಳಿಯ ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಮತ್ತು ಟಿವಿ ಸಂಸ್ಥೆಯಲ್ಲಿ ಎಸ್ಸೆಸ್ಸೆಲ್ಸಿ ನಂತರ ಸೇರಬಹುದಾದ ಡಿಪ್ಲೊಮಾ ಇದೆ. ಪುಣೆಯ ಸಂಸ್ಥೆಯ ಮುಖ್ಯ ಕೋರ್ಸುಗಳಿಗೆ ಪದವಿ ಬೇಕು. ಉಳಿದವರಿಗೆ ವೃತ್ತಿಯ ಮಾತು ಎತ್ತುವ ಅಗತ್ಯವೇ ಇಲ್ಲ. ಕವಿತೆ ಕಲಿಸುವಾಗ ನಾವು ಎಲ್ಲರೂ ಕವಿಗಳಾಗಲಿ ಎಂದು ಕಲಿಸುವುದಿಲ್ಲವಲ್ಲ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಜೂನ್‌ನಲ್ಲಿ ಯಾವ ಚಿತ್ರವನ್ನೂ ಹಾಕಬೇಡಿ. ನಿಮ್ಮ ಕಡೆ ಆ ತಿಂಗಳು ಕರೆಂಟಿನ ಭರವಸೆ ಇರುವುದಿಲ್ಲ, ಮಾಡಿನ ಮೇಲೆ ಮಳೆ ಬೀಳುವಾಗ ಪಾತ್ರಗಳ ಮಾತೂ ಕೇಳಿಸುವುದಿಲ್ಲ. ಮೊದಲ ತರಗತಿಯಲ್ಲಿ ಮಕ್ಕಳಿಗೆ ಐದು ನಿಮಿಷ ಕಣ್ಣು ಮುಚ್ಚಿ ಕೂರಲು ಹೇಳಿ. ಆಮೇಲೆ ಕೇಳಿಸಿದ ಸದ್ದುಗಳನ್ನೆಲ್ಲ ಹತ್ತಿರದ್ದು ಯಾವುದು, ದೂರದ್ದು ಯಾವುದು ಎಂದು ವಿಂಗಡಿಸಿ ಬರೆಸಿ. ಎರಡನೆಯ ವಾರ ರಟ್ಟು ಮತ್ತು ಕತ್ತರಿ ತರಲು ಹೇಳಿ. ಜುಲೈ ಮತ್ತು ಆಗಸ್ಟ್ ತಿಂಗಳುಗಳನ್ನು ಮಳೆ ಹಿಡಿಯುವ ಅಭ್ಯಾಸಕ್ಕೆ, ಫೋಟೋ ಜೋಡಿಸುವ ಆಟಕ್ಕೆ, ತೇಜಸ್ವಿಯವರ ಕಥೆಯ ಓದಿಗೆ ಬಳಸಿಕೊಳ್ಳಿ. ಮೊದಲ ಪೂರ್ಣ ಚಿತ್ರ ಸೆಪ್ಟೆಂಬರಿನ ಒಂದು ಶನಿವಾರ, ಮಳೆ ಸ್ವಲ್ಪ ಬಿಡುವು ಕೊಟ್ಟ ಮೇಲೆ ಇರಲಿ. ಆ ದಿನಕ್ಕೆ ಪೋಷಕರನ್ನೂ ಆಹ್ವಾನಿಸಿ, ಚಿತ್ರ ಮುಗಿದ ಮೇಲೆ ಮಕ್ಕಳೇ ಅವರಿಗೆ ಮೂರು ನಿಮಿಷದ ಒಂದು ದೃಶ್ಯವನ್ನು ಮತ್ತೆ ತೋರಿಸಿ ವಿವರಿಸಲಿ.